ಎಡಕ್ಕೆ ಜಾರುವ ಬಾಣ

ಮೊದಲೇ ಹೇಳಿಬಿಡುತ್ತೇನೆ: ಬಾಣ ಜಾರುತ್ತಿದ್ದದ್ದು ಎಡಕ್ಕೋ ಬಲಕ್ಕೋ ನನಗೆ ಖಚಿತವಿಲ್ಲ. ಎಡಕ್ಕೆ ಎಂದು ಡೈರಿಯಲ್ಲಿ ಬರೆದಿದ್ದೇನೆ. ಆದರೆ ನನ್ನ ಡೈರಿಯನ್ನು ನಾನೇ ಪೂರ್ತಿ ನಂಬುವುದಿಲ್ಲ. ಒಂದಂತೂ ನಿಜ. ಕಂಪ್ಯೂಟರಿನ ಮೌಸ್ ಕೆಟ್ಟರೆ ಮನೆಯ ನೆಲವನ್ನು ಅನುಮಾನಿಸುವ ಮನುಷ್ಯ ಇಡೀ ಕೊಡಿಗೇಹಳ್ಳಿಗೆ ಒಬ್ಬರೇ, ಅವರು ನನ್ನ ಸೋದರಮಾವ!

ಯಶವಂತಪುರದ ಕಡೆಯ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಂತೇ ವಯಸ್ಸಾದವರು. ಕಂಪ್ಯೂಟರ್ ಅವರದಲ್ಲ, ಅತ್ತೆಯದು. ಅತ್ತೆ ತಮಗೆ ಬರುವ ಸೋಬಾನೆ ಹಾಡುಗಳನ್ನೆಲ್ಲ ಅದರಲ್ಲಿ ಟೈಪ್ ಮಾಡಿಟ್ಟು, ಹೋದ ವರ್ಷ ಆಯುಧಪೂಜೆ ಕಳೆದು ಹತ್ತೇ ದಿನಕ್ಕೆ ತೀರಿಕೊಂಡರು. ಅವರ ವರ್ಷದ ತಿಥಿಯ ದಿನ ಆ ಹಾಡುಗಳ ಪುಸ್ತಕ ಹಂಚಬೇಕೆಂದು ಮಾವನ ಹಟ. ತಿಥಿ ಊಟಕ್ಕೆ ಬಂದವರ ಕೈಗೆ ಮದುವೆ ಹಾಡು! ಯಾರು ಹೇಳಿದರೂ ಕೇಳಲಿಲ್ಲ. ಎರಡು ವಾರ ಉಳಿದಿರುವಾಗ ಕಂಪ್ಯೂಟರ್ ತೆರೆದರೆ, ಪರದೆಯ ಮೇಲಿನ ಬಾಣ ಹಾಡುಗಳ ಕಡತದ ಹತ್ತಿರ ಹೋಗುವುದು, ಗಡಗಡ ನಡುಗುವುದು, ಎಡಕ್ಕೆ ಜಾರುವುದು.

ನನಗೆ ಫೋನ್ ಬಂತು.

“ಎಂ.ಎ. ಮಾಡಿದ್ದೀಯಲ್ಲ, ಬಂದು ನೋಡೇ.”

“ಮಾವ, ನಾನು ಓದಿದ್ದು ಇತಿಹಾಸ!”

“ಇದೂ ಹಳೇ ಕಂಪ್ಯೂಟರೇ ಕಣೇ, ಬಾ.”

ಹೋದೆ. ಮಾವ ಮೇಜಿನ ಮೇಲೆ ಗಾರೆಯವರ ರಸಮಟ್ಟ ಇಟ್ಟು, ಒಂದು ಕಣ್ಣು ಮುಚ್ಚಿ ಅದರೊಳಗಿನ ಗುಳ್ಳೆಯನ್ನು ನೋಡುತ್ತಿದ್ದರು.

“ಪಕ್ಕದಾಗೆ ಐದಂತಸ್ತು ಎಬ್ಬಿಸ್ತಾವ್ರಲ್ಲ, ಅವ್ರು ಪಾಯ ತೋಡ್ದಾಗಿಂದ ನಮ್ಮನೆ ಎಡಕ್ಕೆ ವಾಲೈತೆ. ಬಾಣ ತಾನೆ ಏನ್ ಮಾಡ್ತದೆ, ಪಾಪ!”

ಮೇಜಿನ ಕಾಲಡಿಗೆ ಹಳೆಯ ಲಗ್ನಪತ್ರಿಕೆಯೊಂದನ್ನು ಮಡಚಿ ತೂರಿಸಿದರು. ಸಾಲದು ಎಂದು ಇನ್ನೊಂದು. ಗುಳ್ಳೆ ನಟ್ಟನಡುವೆ ಬಂದು ನಿಂತಿತು. ಬಾಣ ಎಡಕ್ಕೇ ಹೋಯಿತು!

ಆಮೇಲೆ ಮೌಸಿನ ಚಕ್ರಕ್ಕೆ ಎಣ್ಣೆ. “ಚಕ್ರ ಅಂದ್ಮೇಲೆ ಎಣ್ಣೆ ಬ್ಯಾಡ್ವಾ?” ಕಡ್ಡಿಯ ತುದಿಯಲ್ಲಿ ಒಂದೇ ತೊಟ್ಟು, ಲೇತಿಗೆ ಬಿಟ್ಟಷ್ಟೇ ಭಕ್ತಿಯಿಂದ. ಚಕ್ರ ಸದ್ದಿಲ್ಲದೆ ತಿರುಗಿತು. ಬಾಣ ಸದ್ದಿಲ್ಲದೆ ಎಡಕ್ಕೆ ಹೋಯಿತು.

“ಮಾವ, ಒಂದ್ಸಲ ತಿರುಗಿಸಿ ಕೆಳಗೆ ನೋಡೋಣ.”

ಅವರು ಮೌಸನ್ನು ಅಂಗೈಯಿಂದ ಮುಚ್ಚಿಬಿಟ್ಟರು. “ಬ್ಯಾಡ. ಚಪ್ಪಲಿ ಬೋರಲು ಬಿದ್ರೇನೇ ಮನೇಲಿ ಜಗಳ ಅಂತಾರೆ. ಇದನ್ನ ಅಂಗಾತ ಮಲಗಿಸಿದ್ರೆ ಏನಾಯ್ತದೋ!”

“ಜಗಳ ಆಡೋಕೆ ಅತ್ತೆನೇ ಇಲ್ವಲ್ಲ ಮಾವ!”

ನಗಿಸಲೆಂದು ಆಡಿದ ಮಾತು. ಮಾವ ನಗಲಿಲ್ಲ. ಕಾಫಿ ತರುತ್ತೇನೆಂದು ಒಳಗೆ ಹೋದರು. ನಾನು ಮೌಸನ್ನು ತಿರುಗಿಸಿದೆ.

ಕೆಂಪು ದೀಪ ಉರಿಯುವ ತೂತಿನ ಮೇಲೆ ಒಣಗಿದ ಗಂಧ, ಅದರ ನಡುವೆ ಕುಂಕುಮದ ಬೊಟ್ಟು. ಆಯುಧಪೂಜೆಯ ದಿನ ಮಿಕ್ಸಿಗೆ, ಸ್ಕೂಟರಿಗೆ, ಮಾವನ ಸ್ಪ್ಯಾನರುಗಳಿಗೆ ಇಟ್ಟಂತೆ ಅತ್ತೆ ಇದಕ್ಕೂ ಇಟ್ಟಿದ್ದರು. ದೀಪವಿರುವ ಕಡೆಯೇ ಇದರ ಹಣೆ ಎಂದುಕೊಂಡರೇನೋ! ಒರೆಸಿದರೆ ಅರ್ಧ ನಿಮಿಷದ ಕೆಲಸ. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡೆ. ಆಗ ಕಂಡಿತು: ಗಂಧದಲ್ಲಿ ಅತ್ತೆಯ ಬೆರಳಿನ ಗೆರೆಗಳು ಹಾಗೇ ಉಳಿದಿದ್ದವು.

ಬಾಗಿಲಲ್ಲಿ ಎರಡು ಲೋಟ ಹಿಡಿದು ಮಾವ.

“ಒರೆಸ್ಬಿಟ್ಟಾ?”

“ಇಲ್ಲ ಮಾವ.”

ಲೋಟಗಳನ್ನು ಕೆಳಗಿಟ್ಟು ಕುರ್ಚಿಯಲ್ಲಿ ಕುಳಿತರು. ಕಾಫಿಗೆ ಸಕ್ಕರೆ ಹಾಕಿರಲಿಲ್ಲ. ಇಬ್ಬರೂ ಹಾಗೆಯೇ ಕುಡಿದೆವು.

ಮರುದಿನ ಹೊಸ ಮೌಸ್ ಕೊಂಡೊಯ್ದೆ. ಬಾಣ ಹೇಳಿದ ಮಾತು ಕೇಳಿತು, ಪುಸ್ತಕವೂ ತಿಥಿಯೊಳಗೆ ಆಯಿತು. ಹಳೆಯ ಮೌಸ್ ಈಗ ದೇವರ ಗೂಡಿನಲ್ಲಿದೆ, ಅಂಗಾತ!

ಹೊಸದನ್ನು ಕೊಂಡೊಯ್ದ ದಿನ ಮಾವ ನೆಲದ ಮೇಲೆ ಕುಳಿತು, ಮೇಜಿನ ಕಾಲಡಿಯ ಲಗ್ನಪತ್ರಿಕೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಿದ್ದರು. ಆಗ ನಾನು ಕೇಳಿದ ಪ್ರಶ್ನೆ ಅವರಿಗೆ ಕೇಳಿಸಿತ್ತು, ಕೈ ಒಂದು ಗಳಿಗೆ ನಿಂತಿತ್ತು. ಆಮೇಲೆ ತಲೆ ಎತ್ತದೆ ಉಳಿದ ಪತ್ರಿಕೆಯನ್ನು ಎಳೆದರು.

“ಮಾವ, ಮೌಸಿನ ಕೆಳಗೆ ಏನಿದೆ ಅಂತ ನಿಮಗೆ ಮೊದಲೇ ಗೊತ್ತಿತ್ತಾ?”