ಬಾಯಲ್ಲಿಟ್ಟುಕೊಂಡ ಶಬ್ದ

...ಇಲ್ಲ, ಅದು ಮುಂಡರಗಿ ಇರಲಿಕ್ಕಿಲ್ಲ, ಶಿರಹಟ್ಟಿಯೇ ಇರಬೇಕು. ಮದುವೆಯೋ ನಿಶ್ಚಯವೋ ಅದೂ ಖಚಿತವಿಲ್ಲ. ನೆನಪು ಅಚ್ಚುಕಟ್ಟಾಗಿ ಬಂದು ಎದುರಿಗೆ ಕೂತಾಗಲೆಲ್ಲ ನನಗೆ ಅದರ ಮೇಲೆ ಸಂಶಯ. ಆದರೆ ಒಂದು ಮಾತು ಮಾತ್ರ ಬರೆದುಕೊಡಬಲ್ಲೆ: ಬೆಟಗೇರಿಯ ನನ್ನ ಕಾಕಾನಷ್ಟು ಇಂಗ್ಲಿಷಿಗೆ ಹೆದರುವ ಮನುಷ್ಯನನ್ನು ನೀವು ಕಂಡಿರಲಾರಿರಿ. ಬರುವುದಿಲ್ಲವೆಂದು ಹೆದರುವವರು ಬೇಕಾದಷ್ಟಿದ್ದಾರೆ. ಕಾಕಾ ಹೆದರುತ್ತಿದ್ದದ್ದು ಅದು ಕೆಲಸ ಮಾಡಿಬಿಡುತ್ತದೆಂದು!

ನೇಕಾರರ ಮನೆಯಲ್ಲಿ ಹುಟ್ಟಿದವನು ಮಗ್ಗವನ್ನು ಹೆಂಡತಿಗೆ, ಅಂದರೆ ನಮ್ಮ ಚಿಗವ್ವನಿಗೆ ಬಿಟ್ಟು, ತಾನು ಮೈಕ್ ಸೆಟ್ ಬಾಡಿಗೆಗೆ ಕೊಡುವ ಉದ್ಯೋಗ ಹಿಡಿದಿದ್ದ. ಯಾರ ಸಮಾರಂಭವಿದ್ದರೂ ಅದರ ಆರಂಭಕ್ಕೆ ಕಾಕಾ ಹಾಜರಿರಬೇಕು. ಹಾಗೆ ಆರಂಭಗಳನ್ನೇ ಕೇಳಿ ಕೇಳಿ ಅವನಿಗೊಂದು ಶಾಸ್ತ್ರ ಹೊಳೆದಿತ್ತು. ಇಂಗ್ಲಿಷಿನವರು ಶುರುವಿಗೆ ಅಷ್ಟೊಂದು ಶಬ್ದ ಇಟ್ಟದ್ದು ಸುಮ್ಮನೆ ಅಲ್ಲ, ಒಂದೊಂದು ಕೆಲಸಕ್ಕೆ ಒಂದೊಂದು. ತಪ್ಪು ಶಬ್ದ ಆಡಿದರೆ ಬೇರೆಯೇ ಏನೋ ಶುರುವಾಗುತ್ತದೆ.

ಶಿರಹಟ್ಟಿಯ ಆ ಸಮಾರಂಭದಲ್ಲಿ ನಿರೂಪಣೆ ಮಾಡುವ ಹುಡುಗಿ ‘ಕಮೆನ್ಸ್’ ಅಂದಳು. ಕಾಕಾ ಪಟ್ಟನೆ ವೈರು ಕಿತ್ತ. ಗಂಡಿನ ಕಡೆಯ ಬೀಗರು ಬೆನ್ನಟ್ಟಿ ಬಂದರು.

‘ಯಾಕ್ರೀ, ಏನಾತು?’

‘ಕಮೆನ್ಸ್ ಅನ್ನೂದು ಪರೀಕ್ಷಾಕ್ಕ ರೀ. ನಿಮ್ಮ ಸೊಸಿ ದಿನಾ ಪರೀಕ್ಷಾ ಬರೀಬೇಕೇನು?’

ಬೀಗರು ಹೆಂಡತಿಯ ಮುಖ ನೋಡಿದರು. ಸೊಸೆ ಇವತ್ತಿಗೂ ಬರೆಯುತ್ತಿದ್ದಾಳೆಂದು ಕೇಳಿದ್ದೇನೆ.

ಲಕ್ಕುಂಡಿಯಲ್ಲಿ ಒಬ್ಬರು ಖಾನಾವಳಿ ತೆರೆದು ಬ್ಯಾನರಿನ ಮೇಲೆ ‘ಇನಾಗುರೇಶನ್’ ಎಂದು ಬರೆಸಿದ್ದರು. ಬಾಗಿಲಿದ್ದ ವಸ್ತುವಿಗೆ ‘ಓಪನಿಂಗ್’ ಅನ್ನಬೇಕು, ಹಾಗೆ ಅಂದರೆ ಮಾತ್ರ ಅದು ಮುಚ್ಚಲಿಕ್ಕೂ ಬರುತ್ತದೆ ಎಂದು ಕಾಕಾ ಹೇಳಿ ನೋಡಿದ. ಅವರು ನಕ್ಕರು. ಅಂದು ಏರಿದ ಶಟರು ಇಳಿಯಲಿಲ್ಲ. ಮಾಲೀಕರು ಬಹಳ ದಿನ ಪಾತ್ರೆಗಳ ನಡುವೆಯೇ ಮಲಗಿದರಂತೆ.

ನಗಬೇಡಿ. ಅಡರಕಟ್ಟಿಯ ಬೋರಿನ ಹತ್ತಿರ ನಾನೇ ನಿಂತಿದ್ದೆ. ಪೂಜೆಯಾಗಿ, ಕಾಯಿ ಒಡೆದು, ಭಾಷಣ ಮುಗಿದರೂ ಪೈಪಿನಿಂದ ಬರೀ ಧೂಳು. ಕಾಕಾ ಹೋಗಿ ಪೈಪಿನ ಬಾಯಿಗೆ ತನ್ನ ಬಾಯಿ ಹಚ್ಚಿ, ಕಿವಿಯಲ್ಲಿ ಗುಟ್ಟು ಹೇಳುವವರ ಹಾಗೆ ‘ಸ್ಟಾರ್ಟ್’ ಅಂದ. ಒಳಗಿನಿಂದ ಯಾರೋ ನಿಟ್ಟುಸಿರು ಬಿಟ್ಟಂತಾಯಿತು, ಆಮೇಲೆ ನೀರು. ನನ್ನ ತಮ್ಮ, ನೀರು ಮೊದಲೇ ಬಂದಿತ್ತು ಅನ್ನುತ್ತಾನೆ. ಇರಬಹುದು. ಹಾಗಾದರೆ ಆ ನಿಟ್ಟುಸಿರು ಯಾರದು?

ಅಂದು ಮಾಗಡಿ ಕೆರೆಯ ದಾರಿಯಲ್ಲಿ ತಿರುಗಿ ಬರುವಾಗ ನಾನು ಚೇಷ್ಟೆಗೆ ಕೇಳಿದೆ.

‘ಕಾಕಾ, ಸಾಯೂದಕ್ಕ ಯಾವ ಶಬ್ದ?’

‘ಅದಕ್ಕೂ ಒಂದ ಐತಿ.’

‘ಅದು ಮುಗಿಯೂದಲ್ಲೇನು?’

‘ಮುಗೀತೈತಿ ಅಂತ ನಿನಗ ಯಾರ ಹೇಳಿದ್ರಲೇ? ಆ ಶಬ್ದ ನನ್ನ ಬಾಯಾಗ ಐತಿ. ಒಮ್ಮಿ ಅನ್ನಾಂವ. ಒಮ್ಮೇನ.’

ಕೆರೆಯ ಬಾತುಗಳೆಲ್ಲ ಒಟ್ಟಿಗೇ ಎದ್ದವು. ಹಕ್ಕಿಗಳು ಏಳುತ್ತವೆ, ಅದರಲ್ಲೇನು ವಿಶೇಷ? ಆದರೆ ರೆಕ್ಕೆಯ ಸದ್ದು ನನಗೆ ಕೇಳಲಿಲ್ಲ. ಮನೆಗೆ ಬಂದು ಇದನ್ನೆಲ್ಲ ನಗುನಗುತ್ತ ಹೇಳಿದೆ. ಚಿಗವ್ವ ನಗಲಿಲ್ಲ.

ಮುಂದೆ ಕಾಕಾನಿಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಕೆಲವು ವಾರಗಳ ಮೇಲೆ ಮಾತು ಬಂತು. ಏನು ಬಂತು ಅನ್ನುತ್ತೀರಿ? ನೀರು ಬೇಡಲಿಕ್ಕೆ ‘ಸ್ಟಾರ್ಟ್’. ಸಿಟ್ಟು ಬಂದರೆ ‘ಇನಾಗುರೇಶನ್’. ಹೆಂಡತಿಯ ಹೆಸರಿಲ್ಲ, ಊರಿಲ್ಲ, ಆ ನಾಲ್ಕಾರು ಶಬ್ದ ಬಿಟ್ಟರೆ ಬೇರೇನಿಲ್ಲ, ಕನ್ನಡದ ಒಂದಕ್ಷರವಿಲ್ಲ. ಗದಗಿನ ಡಾಕ್ಟರು, ಹೀಗೂ ಆಗುತ್ತದೆ ಅಂದರು.

ಡಾಕ್ಟರು ಆ ಮನೆಯಲ್ಲಿ ಇದ್ದವರಲ್ಲ. ಕಾಕಾ ‘ಸ್ಟಾರ್ಟ್’ ಅಂದರೆ ಹೋದ ಕರೆಂಟು ಬಂದು ಪಕ್ಕದ ಮನೆಯ ಪವರ್‌ಲೂಮು ಧಡಧಡ ಅನ್ನುತ್ತಿತ್ತು. ‘ಓಪನಿಂಗ್’ ಅಂದರೆ ಚಿಲಕ ಹಾಕಿದ ಕಪಾಟಿನ ಬಾಗಿಲು ಬೆರಳಗಲ ಸರಿಯುತ್ತಿತ್ತು. ಪಕ್ಕದ ಮನೆಯವನಂತೂ ಕೆಟ್ಟ ಬೈಕು ನೂಕಿಕೊಂಡು ಬಂದೇಬಿಟ್ಟ.

‘ಚಿಗವ್ವಾ, ಕಾಕಾರಿಗೆ ಒಮ್ಮಿ ಸ್ಟಾರ್ಟ್ ಅನ್ನಾಕ ಹೇಳ್ರಿ.’

‘ಅನ್ನಾಕ ಹೋಗಿ ಇನ್ನೊಂದ ಅಂದಗಿಂದಾರು. ಮೆಕ್ಯಾನಿಕ್ ಕಡೆ ಹೋಗಪಾ.’

ಇನ್ನೊಂದು. ಅವಳಿಗೆ ಸಾವಿನ ಆ ಒಂದು ಶಬ್ದದ್ದೇ ಭಯ. ಅವನು ಮಾತಾಡಲಿ ಎಂದು ದೇವರಿಗೆ ಹರಕೆ ಹೊತ್ತವಳು, ಅವನ ತುಟಿ ಅಲುಗಿದರೆ ಅಡುಗೆಮನೆಯಿಂದ ಓಡಿಬಂದು ಬಾಯಿಗೆ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಹಿಂದೆ ಕೇಳಿದ ಶಬ್ದವೇ ಬಂದರೆ ಕೈ ತೆಗೆಯುತ್ತಿದ್ದಳು. ಕೇಳದ ಶಬ್ದ ಬಂದರೆ? ಈ ಕಾವಲಿನಲ್ಲಿ ಅವಳ ಮಗ್ಗದ ಕೆಲಸವೂ ನಿಂತಿತ್ತು.

ಮೊನ್ನೆ ಮಧ್ಯಾಹ್ನ ಹೋದಾಗ ಅವಳು ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯ ಅಂಚಿಗೆ ಸುಮ್ಮನೆ ಕೂತಿದ್ದಳು. ಸೀರೆ ನೇಯ್ದು ಮುಗಿದ ಮೇಲೆ ಹಾಸಿನ, ಅಂದರೆ ಉದ್ದಕ್ಕೆ ಹಾಯುವ ಎಳೆಗಳನ್ನು ಪೂರ್ತಿ ತೆಗೆಯುವುದಿಲ್ಲ, ತುದಿಯನ್ನು ಬಾಚಣಿಗೆಯಂಥ ಹಣಿಗೆಯಲ್ಲೇ ಬಿಡುತ್ತಾರೆ. ಬೆರಳಿಗೆ ಬೂದಿ ಹಚ್ಚಿಕೊಂಡು, ಹಳೆಯ ಒಂದೊಂದು ಎಳೆಗೂ ಹೊಸ ಎಳೆಯನ್ನು ಹೊಸೆದು ಕೂಡಿಸುತ್ತಾರೆ. ಕೆಚ್ಚುವುದು ಅನ್ನುತ್ತಾರೆ. ಅವರ ಮನೆಯಲ್ಲಿ ಅದು ಇಬ್ಬರ ಕೆಲಸ: ಕಾಕಾ ಎಳೆ ಬಿಡಿಸಿ ಕೊಡುವವನು, ಚಿಗವ್ವ ಹೊಸೆಯುವವಳು. ಹೊಸ ಹಾಸು ಎದುರಿಗೇ ಬಿದ್ದಿತ್ತು.

‘ಯಾಕ ಚಿಗವ್ವಾ, ಯಾರನ್ನರ ಕರ್ಕೊಂಡು ಕೆಚ್ಚಬಾರದ?’

‘ಬ್ಯಾರೇದವ್ರ ಕೈ ನನಗ ಒಗ್ಗಂಗಿಲ್ಲ.’

ಕಾಕಾ ಗೋಡೆಗೆ ಒರಗಿ ನೋಡುತ್ತಿದ್ದ. ಎಡಗೈ ಊರಿ ತೆವಳುತ್ತ ಬಂದು ಮಗ್ಗದ ಆಚೆ ಬದಿಗೆ ಕೂತ. ಪಕ್ಕದ ಪವರ್‌ಲೂಮು ಆಗಲೇ ನಿಂತಿತೋ, ನಾನು ಆಮೇಲೆ ನೆನಪಿನಲ್ಲಿ ನಿಲ್ಲಿಸಿದ್ದೋ ತಿಳಿಯದು. ಅವನ ತುಟಿ ಅಲುಗಿತು. ಚಿಗವ್ವನ ಅಂಗೈ ಎದ್ದಿತು, ಆದರೆ ನಡುವೆ ಮಗ್ಗವಿತ್ತು, ಬಾಯಿ ಮುಟ್ಟಲಿಲ್ಲ.

‘ಬಿಗಿನ್’ ಅಂದ ಕಾಕಾ.

ಮೈಕ್ ಹಿಡಿದ ಇಷ್ಟು ವರ್ಷಗಳಲ್ಲಿ ಆ ಶಬ್ದವನ್ನು ಅವನ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಕಪಾಟು ಸರಿಯಲಿಲ್ಲ. ಯಾವುದೂ ಅಲುಗಲಿಲ್ಲ. ಚಿಗವ್ವ ನನ್ನ ಕಡೆ ನೋಡಿದಳು.

‘ಆ ಒಂದ ಶಬ್ದ ಇದ ಏನೋ?’

ನಾನು ಕಾಕಾನ ಬಾಯಿಯನ್ನೇ ನೋಡುತ್ತಿದ್ದೆ.

ಅವಳು ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿ, ಬೂದಿಯಲ್ಲಿ ಬೆರಳು ಅದ್ದಿಕೊಂಡು ಅವನ ಮುಂದೆ ಚಾಚಿದಳು.

‘ಅದ ಇದ್ರೂ ಇರ್ಲಿ. ಎಳಿ ಕೊಡ್ರಿ.’

ಎಡಗೈಯಲ್ಲೇ ಅವನು ಒಂದು ಎಳೆ ಬಿಡಿಸಿ ಕೊಟ್ಟ. ಅವಳು ಹೊಸೆದಳು. ಇನ್ನೊಂದು ಕೊಟ್ಟ. ನಾನು ಎದ್ದು ಬರುವವರೆಗೂ ಹೀಗೇ ನಡೆದಿತ್ತು.

ಅವನು ಅಂದದ್ದು ಮಗ್ಗದ ಹೊಸ ಹಾಸಿಗೋ, ಅವಳಿಗೋ, ಅಥವಾ ಒಮ್ಮೆ ಮಾತ್ರ ಅನ್ನುವ ಶಬ್ದ ಅದೇ ಆಗಿತ್ತೋ, ನನಗೆ ಗೊತ್ತಿಲ್ಲ.