ನೀರು ಕೊಡದ ಸೊಸೆ

ಬೀದರಿನಲ್ಲಿ ನಮ್ಮ ಮನೆತನಕ್ಕೆ ನಾಲ್ಕು ತಲೆಮಾರಿನ ಮರ್ಯಾದೆಯಿದೆ. ನನ್ನ ಗಂಡನ ಅಜ್ಜ ನಿಜಾಮರ ಕಾಲದಲ್ಲಿ ಉರ್ದು ಕಲಿಸಿದವರು. ಮಾವನವರು ಕನ್ನಡ ಶಾಲೆಯ ಹೆಡ್‌ಮಾಸ್ತರರಾಗಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿಯ ಸಿಸ್ಟರುಗಳು ಪ್ರತಿ ಸೋಮವಾರ ಉಗುರು, ರಿಬ್ಬನ್ನು, ಮಾತು ಮೂರನ್ನೂ ತಪಾಸಣೆ ಮಾಡುತ್ತಿದ್ದರು. ಬೇಸಿಗೆಯಲ್ಲಿ ಹೋಗಿಬರುವವರಿಗಾಗಿ ಬಾಗಿಲ ಮುಂದೆ ನೀರಿನ ಹರವಿ ಇಡುವುದು ನಮ್ಮ ಮನೆಯ ಪದ್ಧತಿ. ಅಂಥ ಮನೆಯ ಸೊಸೆ ಅತ್ತೆಗೆ ನೀರು ಕೊಡುವುದಿಲ್ಲವೆಂದು ಬರಗಾಲದ ಆ ವರ್ಷ ಭಾಲ್ಕಿಯವರೆಗೆ ಸುದ್ದಿಯಾಯಿತು.

ಸುದ್ದಿ ಸುಳ್ಳಲ್ಲ. ನಾನು ಕೊಡುತ್ತಿರಲಿಲ್ಲ. ಕೊಟ್ಟಿದ್ದರೆ ಅತ್ತೆ ಉಳಿಯುತ್ತಿರಲಿಲ್ಲ.

ನುಂಗಲು ಬಾರದವರಿರುವ ಮನೆಯಲ್ಲಿ ಭಯದ ಜೊತೆಗೇ ಫಜೀತಿಯೂ ಇರುತ್ತದೆ. ದಿನಕ್ಕೆ ಮೂರು ಸಲ ಊಟ. ಮೂರು ಸಲವೂ ಏನಾದರೊಂದು ನಡೆದೇ ನಡೆಯುತ್ತದೆ.

ಪರೀಕ್ಷೆ

ಅತ್ತೆ ಪಾರ್ಶ್ವವಾಯು ಹೊಡೆದು ಆಸ್ಪತ್ರೆಯಲ್ಲಿದ್ದರು. ಕೈ ಸುಧಾರಿಸಿತು, ಮಾತೂ ಬಂತು, ಆದರೆ ಗಂಟಲು ಹಾದಿಗೆ ಬರಲಿಲ್ಲ. ನುಂಗುವುದನ್ನು ಕಲಿಸುವ ಥೆರಪಿಸ್ಟ್ ಹುಡುಗಿಯೊಬ್ಬಳು ಬಂದಳು.

"ನುಂಗೂದು ಯಾರಾದರೂ ಮರೀತಾರೇನ್ರಿ?" ಎಂದು ನನ್ನ ಗಂಡ ನಕ್ಕರು.

"ನೀವು ಹತ್ತು ಸಲ ಬರೇ ಉಗುಳು ನುಂಗಿ ತೋರಸ್ರಿ."

ಅವರು ಮೂರಕ್ಕೆ ನಿಂತರು. ನಾನು ನಾಲ್ಕರವರೆಗೆ ಹೋದೆ.

ಆಮೇಲೆ ಆಕೆ ತಿಳಿಸಿ ಹೇಳಿದಳು. ಗಂಟಲಲ್ಲಿ ಎರಡು ದಾರಿ. ಉಸಿರಿನ ದಾರಿಯ ಬಾಗಿಲು ಈಗ ತಡವಾಗಿ ಮುಚ್ಚುತ್ತದೆ. ತಿಳಿನೀರು ಓಡಿಬಂದು ಪುಪ್ಪುಸಕ್ಕೆ ಇಳಿಯುತ್ತದೆ. "ಒಮ್ಮೊಮ್ಮೆ ಕೆಮ್ಮು ಸುದ್ದಾ ಬರಂಗಿಲ್ರಿ. ಕೆಮ್ಮಿಲ್ಲಂತ ನೀವು ನಿಶ್ಚಿಂತಿ ಇರಬ್ಯಾಡ್ರಿ."

ಕೆಮ್ಮಿಗೆ ಹೆದರುವುದು ನನಗೆ ಗೊತ್ತಿತ್ತು. ಕೆಮ್ಮಿಲ್ಲದ್ದಕ್ಕೂ ಹೆದರುವುದನ್ನು ಅಂದೇ ಕಲಿತೆ.

ಕೆಳಗೆ ಚಹಾದ ಅಂಗಡಿಯಲ್ಲಿ ಗಂಡ ಕಪ್ಪು ಹಿಡಿದುಕೊಂಡು ನಿಂತೇ ಇದ್ದರು. "ಯಾಕ, ಕುಡೀರಿ" ಎಂದೆ.

"ಹ್ಯಾಂಗ ನುಂಗತಿದ್ದೆ ಅಂತ ನೆನಪು ಮಾಡ್ಕೋಲತ್ತೀನಿ, ತಡಿ."

ಜೇನಿನಷ್ಟು ಗಟ್ಟಿ

ಮನೆಗೆ ಕರೆತಂದ ಮೇಲೆ ನೀರಿಗೆ ಒಂದು ಪುಡಿ ಬೆರೆಸಿ, ಜೇನಿನಷ್ಟು ಗಟ್ಟಿ ಮಾಡಿ, ಚಮಚದಲ್ಲಿ ಕೊಡಬೇಕು. ತೆಳುವಾದರೆ ಪುಪ್ಪುಸಕ್ಕೆ, ತೀರ ಗಟ್ಟಿಯಾದರೆ ಗಂಟಲಿಗೆ ಅಂಟುತ್ತದೆ. ನಾನು ಅಳತೆಯಲ್ಲಿ ರಿಯಾಯಿತಿ ಕೊಡುವವಳಲ್ಲ. ಮೆಹಕರ ಊರಿನ ನಮ್ಮ ಮನೆಗೆಲಸದಾಕೆಗೂ ಕಲಿಸಲು ಕೂತೆ. ಅವಳು ಟ್ಯಾಂಕರಿನ ಸಾಲಿನಲ್ಲಿ ಅರ್ಧ ದಿನ ನಿಂತು ಎರಡು ಕೊಡ ತಂದಿದ್ದಳು.

"ಅವ್ವಾರ, ನೀರಿಲ್ಲಂತ ನಮ್ಮೂರ ಮಂದಿ ಕಬ್ಬು ಕಡೀಲಾಕ ಹೊಂಟಾರ. ನೀವು ಇದ್ದ ನೀರ ಕೆಡಸ್ಲತ್ತೀರಲ್ರಿ!"

"ಸುಮ್ಮನೆ ನೋಡು. ಚಮಚದಿಂದ ಜೇನಿನ ಹಾಗೆ ಇಳಿಯಬೇಕು."

"ಜೇನು ನಾ ಎಲ್ಲಿ ನೋಡೀನ್ರಿ? ಟ್ಯಾಂಕರಿನ ತಳದಾಗಿನ ನೀರಿನಂಗ ಅನ್ರಿ, ತಿಳೀತದ."

ಮಾಡಿ ತೋರಿಸಿದಳು. ಅತ್ತೆಯನ್ನು ನೋಡಲು ಮನೆಗೆ ಬಂದಿದ್ದ ಥೆರಪಿಸ್ಟ್ ಹುಡುಗಿ ಚಮಚ ಓರೆ ಮಾಡಿ ನೋಡಿ, ನನ್ನದಕ್ಕಿಂತ ಅವಳದೇ ಸರಿಯಾಗಿದೆ ಎಂದಳು. ಮರುವಾರ ಕೆಲಸದಾಕೆಯೂ ತನ್ನ ಗಂಡನ ಜೊತೆ ಲಾರಿ ಹತ್ತಿ ಕಬ್ಬು ಕಡಿಯಲು ಹೋದಳು. ಚಮಚ ನನ್ನೊಬ್ಬಳ ಕೈಯಲ್ಲಿ ಉಳಿಯಿತು.

ಹಾಡು

ನೆಟ್ಟಗೆ ಕೂಡಿಸಬೇಕು, ಗದ್ದ ಎದೆಗೆ ತಾಗಿಸಬೇಕು, ಒಂದು ಚಮಚ ಕೊಡಬೇಕು, ನುಂಗಿದ ಮೇಲೆ 'ಆ' ಅನ್ನಿಸಬೇಕು. ದನಿ ಹಸಿಹಸಿಯಾಗಿ ಗುರುಗುಟ್ಟಿದರೆ ಅಲ್ಲಿಗೇ ನಿಲ್ಲಿಸಬೇಕು. ಆ ಒಂದು 'ಆ' ಕೇಳುವವರೆಗೆ ಮನೆಯಲ್ಲಿ ಯಾರೂ ಬಾಯಿಗೆ ತುತ್ತು ಇಡುತ್ತಿರಲಿಲ್ಲ. ಗಂಡ ಮೂರು ತಿಂಗಳು ಆರಿದ ರೊಟ್ಟಿಯನ್ನೇ ತಿಂದರು.

ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿದಳು. "ಅತ್ತೀನ ಈ ವಯಸ್ಸಿನಾಗ ಸಂಗೀತಕ್ಕ ಹಚ್ಚೀರೇನ್ರಿ? ಒಂದೇ ಸ್ವರ ಎಷ್ಟು ದಿನಾ ಕಲಸ್ತಾರ, ಮಾಸ್ತರ್ನ ಬದಲ ಮಾಡ್ರಿ."

ಎಕಂಬಾದ ತಂಬಿಗೆ

ಅತ್ತೆಯ ತಮ್ಮ ಎಕಂಬಾದಿಂದ ಬಂದರು. ಊರ ಬಾವಿಯ ತಳ ಕಂಡಿತ್ತು. ಉಳಿದದ್ದರಲ್ಲಿ ಒಂದು ತಾಮ್ರದ ತಂಬಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಔರಾದಿನಲ್ಲಿ ಬಸ್ಸು ಬದಲಿಸಿ, ತೊಡೆಯ ಮೇಲಿಟ್ಟುಕೊಂಡೇ ತಂದಿದ್ದರು. "ಅಕ್ಕ, ತವರಿನ ನೀರು" ಎಂದರು. ಅತ್ತೆಯ ಕಣ್ಣು ತಂಬಿಗೆಯಿಂದ ಕದಲಲಿಲ್ಲ. ಕೈ ಚಾಚಿದರು.

ನಾನು ನಡುವೆ ನಿಂತು ತಂಬಿಗೆ ತೆಗೆದುಕೊಂಡೆ. ಅವರ ಮುಂದೆಯೇ ಪುಡಿ ಬೆರೆಸಿದೆ.

"ಯಾಕವ್ವ, ನಮ್ಮ ಬಾವಿ ನೀರಿಗಿ ಏನಾಗ್ಯಾದ?"

"ನೀರಿಗೆ ಏನೂ ಆಗಿಲ್ಲ ಮಾವ. ಗಂಟಲಿಗೆ ಆಗಿದೆ." ಎಲ್ಲವನ್ನೂ ವಿವರಿಸಿ, ಅತ್ತೆಗೆ ಕುಡಿಸಿ, ಅವರಿಗೂ ಒಂದು ಚಮಚ ಕೊಟ್ಟೆ.

ಕಣ್ಣು ಮುಚ್ಚಿ ನುಂಗಿದರು. ಬಾಯಿ ಚಪ್ಪರಿಸಿದರು.

"ರುಚಿ ನಮ್ಮ ಬಾವೀದೇ ಅದ. ಖರೆ, ಅಗೀಬೇಕಾಗ್ತದ."

ಭಾಲ್ಕಿಯ ನಾದಿನಿ

ಭಾಲ್ಕಿಯಲ್ಲಿರುವ ನಾದಿನಿ, ಅಂದರೆ ಅತ್ತೆಯ ಒಬ್ಬಳೇ ಮಗಳು, ತನ್ನ ಓಣಿಯ ಹೆಂಗಸರನ್ನು ಕೂಡಿಸಿ, "ನಮ್ಮ ವೈನಿ ಇಂಗ್ಲಿಷ್ ಕಲತಾಕಿ. ನಮ್ಮವ್ವಗ ನೀರ ಕೊಡಲಾರದೆ ಒಣಗಸ್ಲತ್ಯಾಳ" ಎಂದಿದ್ದಳು. ಸಾಲದ್ದಕ್ಕೆ, ಒಂದು ದಿನ ರೈಲು ಹತ್ತಿ ಬಂದಳು. ಗಂಡ ಕೆಲಸಕ್ಕೆ ಹೋಗಿದ್ದರು. ನಾನು ಟ್ಯಾಂಕರಿಗೆ ಹೋಗಿದ್ದೆ. ತಿರುಗಿ ಬರುವಷ್ಟರಲ್ಲಿ ಅತ್ತೆ ಅಂಗಾತ ಮಲಗಿದ್ದರು; ನಾದಿನಿಯ ಕೈಯಲ್ಲಿ ಖಾಲಿ ಗ್ಲಾಸು.

"ನೋಡ್ರಿ ವೈನಿ, ಗಟಗಟ ಕುಡದಳು. ಕೆಮ್ಮಲಿಲ್ಲ, ಏನಿಲ್ಲ."

ಕೆಮ್ಮಲಿಲ್ಲ. ನನ್ನ ಕೈಯ ಕೊಡ ಜಾರಿ ಅಷ್ಟೂ ನೀರು ನೆಲದ ಪಾಲಾಯಿತು. ಅತ್ತೆಯನ್ನು ಎಬ್ಬಿಸಿ ಕೂಡಿಸಿ, "ಆ ಅನ್ನಿ" ಎಂದೆ. ದನಿ ನೀರೊಳಗಿಂದ ಬಂದಂತೆ ಬಂತು. ತುಟಿ ನೀಲಿಗಟ್ಟಿತ್ತು. ಆಸ್ಪತ್ರೆಗೆ ಓಡಿದೆವು. ಸಂಜೆಗೆ ಜ್ವರ ಏರಿತು, ಎದೆಯಲ್ಲಿ ಕಫ ತುಂಬಿತು, ಮುಖಕ್ಕೆ ಆಮ್ಲಜನಕದ ಮಾಸ್ಕು ಬಿತ್ತು. ಐದು ದಿನ ನಾನು ಬೇರೇನೂ ಮಾಡಲಿಲ್ಲ. ಅವರ ಉಸಿರು ಎಣಿಸಿದೆ.

ಆರನೆಯ ದಿನ ಮಾಸ್ಕು ತೆಗೆದರು. ವೈದ್ಯರು ಗದರಿದರು: "ನೀರು ಕುಡಿಸಿದವರು ಯಾರು?"

ನಾದಿನಿ ಸೆರಗಿನಿಂದ ಬಾಯಿ ಮುಚ್ಚಿ, "ಮನ್ಯಾಗಿನವರ‍್ರಿ" ಎಂದಳು.

ಹಾಸಿಗೆಯಿಂದ ಅತ್ತೆಯ ದನಿ ಬಂತು, ಸಣ್ಣದಾಗಿ, ಆದರೆ ಸ್ವಚ್ಛವಾಗಿ. "ಕೊಟ್ಟಾಕಿ ಮಗಳು. ಕೊಡಲಾರದಾಕಿ ಸೊಸಿ. ಸಿಸ್ಟರ್‌, ನೀರ ಕೊಡಾಕೀನ ಒಳಗ ಬಿಡಬ್ಯಾಡ್ರಿ."

ನರ್ಸು ಇದನ್ನು ಆಜ್ಞೆಯೆಂದೇ ತಿಳಿದಳು. ಮರುದಿನ ಬಾಗಿಲಲ್ಲಿ ಅಡ್ಡ ನಿಂತು ನಾದಿನಿಯನ್ನು ಕೇಳಿದಳು: "ನೀವು ಮಗಳೋ, ಸೊಸೀನೋ?"

ಹೆತ್ತ ತಾಯಿಯನ್ನು ನೋಡಲು ಬಂದ ನಾದಿನಿ, ನಾನು ಒಳಗೆ ಕೂತು ಕೇಳುತ್ತಿದ್ದಂತೆಯೇ, ಎರಡೂ ಕೈ ಎತ್ತಿ ತೋರಿಸಿ ಹೇಳಿದಳು:

"ಸೊಸೀರಿ! ಖಾಲಿ ಕೈ ನೋಡ್ರಿ. ಒಂದು ಹನಿ ಕೊಡಂಗಿಲ್ರಿ!"

ನನ್ನ ಹೆಸರಿನಲ್ಲಿ ಒಳಗೆ ಬಂದಳು. ಆದರೆ ಭಾಲ್ಕಿಯಲ್ಲಿ ಆಡಿದ ಮಾತನ್ನು ಇವತ್ತಿನವರೆಗೂ ಹಿಂದಕ್ಕೆ ತೆಗೆದುಕೊಂಡಿಲ್ಲ. ಅವಳು ಅದೇ ಓಣಿಯಲ್ಲಿ, ಅದೇ ಹೆಂಗಸರ ಮುಂದೆ, ನನ್ನ ಕ್ಷಮೆ ಕೇಳಬೇಕು.