ಮಟಮಟ ಮಧ್ಯಾಹ್ನ ಚಳ್ಳಕೆರೆಯಲ್ಲಿ ಕತ್ತಲು

ಕೆಲಸವಿಲ್ಲದೆ ಕೂತಾಗಲೇ ಮನುಷ್ಯನಿಗೆ ದೊಡ್ಡ ದೊಡ್ಡ ಆಸೆಗಳು ಹುಟ್ಟುವುದು. ಹೊಟ್ಟೆಪಾಡಿಗೆ ಓಡಾಡುವಾಗ ಯಾರೂ ಭೂಮಂಡಲದ ಬಗ್ಗೆ ಚಿಂತಿಸುವುದಿಲ್ಲ. ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಜೆರಾಕ್ಸ್ ಅಂಗಡಿ. ಜೊತೆಗೆ ಪಹಣಿ ತೆಗೆದುಕೊಡುವುದು, ಅರ್ಜಿ ತುಂಬಿಕೊಡುವುದು. ಸರ್ವರ್ ಕೈಕೊಟ್ಟಿತೆಂದರೆ ನನಗೂ ಗಿರಾಕಿಗೂ ಕಂಪ್ಯೂಟರಿನ ಪರದೆ ನೋಡುತ್ತ ಕೂರುವುದೊಂದೇ ಕೆಲಸ. ಆ ಪರದೆಯ ತುಂಬ ನಮ್ಮ ಮದುವೆಯ ಫೋಟೋ ಇತ್ತು. ಅದರಲ್ಲಿ ನನ್ನ ಹೆಂಡತಿ ಸರೋಜ, ಅವಳಪ್ಪ ಮೊಳಕಾಲ್ಮೂರಿನ ಸ್ವಂತ ಮಗ್ಗದಲ್ಲಿ ನೇಯ್ದುಕೊಟ್ಟ ರೇಷ್ಮೆ ಸೀರೆ ಉಟ್ಟು ಲಕ್ಷ್ಮಿಯಂತೆ ನಿಂತಿದ್ದಾಳೆ. ಪಕ್ಕದಲ್ಲಿ ನಾನು ಬಳ್ಳಾರಿ ಬಸ್ಸು ತಪ್ಪಿಸಿಕೊಂಡವನಂತೆ ನಿಂತಿದ್ದೇನೆ. "ಅಕ್ಕೋರ ಪಕ್ಕದಾಗೆ ಇರೋರು ಯಾರು ಸಾರ್?" ಎಂದು ಗಿರಾಕಿಯೊಬ್ಬ ನನ್ನನ್ನೇ ಕೇಳಿದ ದಿನ ಆ ಫೋಟೋ ಬದಲಿಸಲೇಬೇಕೆಂದು ತೀರ್ಮಾನಿಸಿದೆ.

ಬದಲಿಗೆ ಏನು ಹಾಕುವುದು? ಹೂವು, ಜಲಪಾತ ಎಲ್ಲರ ಅಂಗಡಿಯಲ್ಲೂ ಇವೆ. ನನಗೆ ಭೂಮಿಯ ಚಿತ್ರವೇ ಬೇಕೆನಿಸಿತು. ಅದೂ ಈಗ ಎಲ್ಲಿ ಹಗಲು, ಎಲ್ಲಿ ರಾತ್ರಿ ಎಂದು ತೋರಿಸುವಂಥದ್ದು. ಹುಡುಕತೊಡಗಿದೆ. ಮೊದಲು ಸಿಕ್ಕಿದ್ದು ಅಲ್ಲಾಡದ ಚಿತ್ರ. ಅದರಲ್ಲಿ ಆಫ್ರಿಕಾಕ್ಕೆ ಸಂಜೆಯಾಗುವುದೇ ಇಲ್ಲ. ಇನ್ನೊಂದರಲ್ಲಿ ಸೂರ್ಯನಿಗಿಂತ ಜಾಹೀರಾತೇ ಜೋರಾಗಿ ಹೊಳೆಯುತ್ತಿತ್ತು. ಕೊನೆಗೊಂದು ಒಳ್ಳೆಯದು ಸಿಕ್ಕಿತು. ಅದರಲ್ಲಿ ನೆರಳು ತಾನಾಗಿಯೇ ಸರಿಯುತ್ತದೆ, ಕತ್ತಲಾದ ಕಡೆ ಊರುಗಳ ದೀಪಗಳು ಮಿನುಗುತ್ತವೆ. ಹಾಕಿಕೊಂಡು, ಸೂರ್ಯನಿಗೆ ನಾನೇ ಡ್ಯೂಟಿ ಹಾಕಿದವನಂತೆ ಕುರ್ಚಿಗೆ ಒರಗಿದೆ.

ಅಷ್ಟರಲ್ಲಿ ಸರೋಜ ಊಟದ ಡಬ್ಬಿ ತಂದಳು. ಪರದೆ ನೋಡಿ ನಿಂತೇಬಿಟ್ಟಳು.

"ಏನ್ರೀ, ನಾನೆಲ್ಲಿ?"

"ಇಲ್ಲೇ ಇದ್ದೀಯ ಕಣೇ. ಇಡೀ ಭೂಮೀನೇ ಐತಲ್ಲ! ಅದರಾಗೆ ಚಳ್ಳಕೆರೆ, ಚಳ್ಳಕೆರೆಯಾಗೆ ನೀನು," ಎಂದು ಜಾಣನಂತೆ ಬೆರಳಿಟ್ಟೆ. ಬೆರಳಿಟ್ಟ ಜಾಗ ಕಗ್ಗತ್ತಲೆ. ನನ್ನ ಕಂಪ್ಯೂಟರಿನ ಗಡಿಯಾರ ಇಷ್ಟು ದಿನವೂ ತಾನು ಅಮೆರಿಕದಲ್ಲಿದ್ದೇನೆ ಎಂದುಕೊಂಡಿತ್ತು ಅನ್ನುವುದು ನನಗೇನು ಗೊತ್ತು?

"ಫೋಟೋ ತೆಗೆದಿದ್ದಲ್ದೆ, ಮಟಮಟ ಮಧ್ಯಾಹ್ನ ನನ್ನ ಕತ್ಲಾಗೆ ಇಟ್ಟೀರಾ!" ಎಂದವಳೇ ಡಬ್ಬಿಯ ಸಮೇತ ಹೊರಟುಹೋದಳು. ಪಹಣಿಗೆ ಕಾಯುತ್ತಿದ್ದ ಪರಶುರಾಂಪುರದ ರೈತರೊಬ್ಬರು, "ನಮ್ ಕಡೆ ಕರೆಂಟ್ ಇಲ್ಲ ಅನ್ನೋದು ಮ್ಯಾಲಿಂದಾನೂ ಕಾಣ್ತೈತೆ ನೋಡ್ರಿ," ಎಂದು ನನ್ನನ್ನು ಸಮಾಧಾನ ಮಾಡಿದರು.

ಗಡಿಯಾರವನ್ನು ಅಮೆರಿಕದಿಂದ ಭಾರತಕ್ಕೆ ತಂದೆ. ಚಳ್ಳಕೆರೆಯಲ್ಲಿ ಬೆಳಗಾಯಿತು; ಮನೆಯಲ್ಲಿ ಆಗಲಿಲ್ಲ. ತಟ್ಟೆಗೆ ಮುದ್ದೆ ಬೀಳುತ್ತಿತ್ತು, ಮಾತು ಬೀಳುತ್ತಿರಲಿಲ್ಲ. ಸರೋಜಳ ಫೋನು ಮೊಳಕಾಲ್ಮೂರಿಗೂ ಮುಟ್ಟಿತೆಂದು ಕಾಣುತ್ತದೆ, ಮಾವ ಬಸ್ಸಿಳಿದು ನೇರ ಅಂಗಡಿಗೇ ಬಂದರು. ಅವರ ಮನೆಮಾತು ತೆಲುಗು. ಕನ್ನಡದಲ್ಲಿ ಬೈದರೂ ಅಳಿಯನೆಂಬ ಮರ್ಯಾದೆಯನ್ನು ತೆಲುಗಿನಲ್ಲೇ ಕೊಡುತ್ತಾರೆ.

"ನಾನ್ ನೇಯ್ದ ಸೀರೇನ ತೆಗೆದು ಅಂಥದ್ದೇನ್ ಇಟ್ಟೀರಿ, ನೋಡಾನ ಅಲ್ಲುಡುಗಾರೂ," ಎಂದು ಕನ್ನಡಕ ಏರಿಸಿ ಪರದೆಗೆ ಮೂಗು ತಾಗಿಸಿದರು. ನಾನು ಕ್ಷಮಾಪಣೆಯ ಮಾತು ಹೊಂದಿಸಿಕೊಳ್ಳುತ್ತ ನಿಂತೆ. ಅವರು ನೆರಳಿನ ಗೆರೆಯುದ್ದಕ್ಕೂ ಬೆರಳಾಡಿಸಿದರು.

"ಅಂಚು ಸೊಟ್ಟಗೈತೆ."

"ಅದು ಅಂಚಲ್ಲ ಮಾವ, ಹಗಲು ರಾತ್ರಿ ಸೇರೋ ಜಾಗ. ಭೂಮಿ ವಾಲೈತಲ್ಲ, ಅದಕ್ಕೆ ಹಂಗೆ."

"ವಾಲ್ಲಿ ಬಿಡ್ರಿ. ಈ ನೀಲಿ ಆ ಬಿಳುಪಿನಾಗೆ ಕರಗೋದ್ ನೋಡ್ರಿ! ಎಲ್ಲಿ ಮುಗೀತು, ಎಲ್ಲಿ ಶುರುವಾತು ಅಂತ ಗೊತ್ತಾಗಂಗಿಲ್ಲ. ಚಾಲಾ ಬಾಗುಂದಿ, ಭಾಳ ಚಂದೈತೆ! ಇದನ್ನ ಕಲರ್ ಪ್ರಿಂಟ್ ಹಾಕ್ಕೊಡ್ರಿ."

ಭೂಮಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದವರು ದೀಪಾವಳಿಗೆ ಬಂದಾಗ ಕಂಕುಳಲ್ಲಿ ಒಂದು ಗಂಟಿತ್ತು. ಬಿಚ್ಚಿದರೆ ಸೀರೆ. ಒಡಲು ಬೆಳಗಿನ ಬಿಳುಪು. ಸೆರಗಿಗೆ ಬರಬರುತ್ತ ನೀಲಿಯಾಗಿ, ತುದಿಯಲ್ಲಿ ಕಗ್ಗತ್ತಲೆ. ಆ ಕತ್ತಲೆಯಲ್ಲಿ ಅಲ್ಲಲ್ಲಿ ಜರಿಯ ಚುಕ್ಕಿ. ಸರೋಜ ಅದನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಮುಂದಿನಿಂದ ಅಲ್ಲಾಡಲಿಲ್ಲ.

"ಯಾರಿಗೆ ಹೊಳೀತು ನಾನ್ನಾ ಇದು?" ಎಂದು ಅಪ್ಪನನ್ನು ಕೇಳಿದಳು.

"ಇನ್ಯಾರಿಗೆ? ನಿನ್ ಗಂಡಂಗೆ. ಭೂಮಿಯೆಲ್ಲ ಹುಡುಕಿ ಬಣ್ಣ ಆರಿಸಿಕೊಟ್ರು," ಎಂದರು ಮಾವ, ನನ್ನ ಕಡೆ ನೋಡದೆ.

ಸರೋಜ ನನ್ನತ್ತ ತಿರುಗಿದಳು. ಅವಳ ಕಣ್ಣು ತುಂಬಿತ್ತು. "ಇದಕ್ಕೇನಾ ಅವತ್ತು ನನ್ನ ಫೋಟೋ ತೆಗೆದಿದ್ದು? ಒಂದ್ ಮಾತು ಹೇಳ್ಬಾರ್ದಾಗಿತ್ತಾ?" ಎಂದು ಒಗ್ಗರಣೆ ಮಂಡಕ್ಕಿಯ ತಟ್ಟೆ ಮುಂದಿಟ್ಟು, ಮೇಲೊಂದು ಮೆಣಸಿನಕಾಯಿ ಬಜ್ಜಿ ಹೆಚ್ಚಿಗೆ ಇಟ್ಟಳು. ಸತ್ಯವನ್ನು ಹೇಳಬೇಕೆಂದು ಮನಸ್ಸಿಗೆ ಬಂದದ್ದು ನಿಜ. ಆದರೆ ಬಾಯಿ ತುಂಬ ಮಂಡಕ್ಕಿಯಿತ್ತು. ತಿನ್ನುವಾಗ ಮಾತಾಡಬಾರದೆಂದು ನಮ್ಮವ್ವ ಚಿಕ್ಕಂದಿನಲ್ಲೇ ಬುದ್ಧಿ ಹೇಳಿದ್ದಾಳೆ.